ಜಿಎಸ್‌ಟಿ ಕಂಡಿಷನ್ ಎಲ್ಲಾ ಸ್ಟೋರ್ಡ್ ಪ್ರೊಸೀಜರ್ ಒಳಗೇ ಇಟ್ಟೆ, ರೇಟ್ ಬದಲಾದ ದಿನ ಒಂದು ಲೈನ್ ಕೋಡ್ ಮುಟ್ಟಲಿಲ್ಲ – ನನ್ನ ಅನುಭವ

ಟ್ಯಾಕ್ಸ್ ಲೆಕ್ಕನ ಸ್ಟೋರ್ಡ್ ಪ್ರೊಸೀಜರ್ ಒಳಗೆ (ಡೇಟಾಬೇಸಲ್ಲೇ ಉಳಿಸಿಟ್ಟ ಪ್ರೋಗ್ರಾಂ ಒಳಗೆ) ಇಡಬೇಡ, ಎಲ್ಲಾ ಅಪ್ಲಿಕೇಶನ್ ಕೋಡಿಗೆ ತಗೊಂಡ್ಹೋಗು ಅಂತ ನನಗೆ ಹೇಳದೇ ಇರೋರೇ ಇಲ್ಲ. ಬೆಂಗಳೂರಲ್ಲಿ ದೊಡ್ಡ ಕಂಪನಿಲಿ ಕೆಲಸ ಮಾಡೋ ಗೆಳೆಯರು ಹೇಳಿದ್ರು, ಇಲ್ಲೇ ನನ್ನ ತರ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋರೂ ಹೇಳಿದ್ರು, ಒಬ್ಬ ಗಿರಾಕಿಯ ಮಗ ಇಂಜಿನಿಯರಿಂಗ್ ಮುಗಿಸ್ಕೊಂಡು ಬಂದವನು ನನ್ನ ಪ್ರೊಸೀಜರ್ ತೆಗೆದು ನೋಡಿ "ಅಣ್ಣ, ಇದೆಲ್ಲ ಹಳೇ ಕಾಲದ್ದು, ಯಾರೂ ಹಿಂಗೆ ಬರೆಯಲ್ಲ ಈಗ" ಅಂದ. ನಾನು ಬಿಡಲಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಹೊಸ ಜಿಎಸ್‌ಟಿ ದರ ಜಾರಿಗೆ ಬಂತಲ್ಲ, ಅವತ್ತು ಬೆಳಿಗ್ಗೆ ನನ್ನ ಗಿರಾಕಿಗಳೆಲ್ಲ ಮಾಮೂಲಿ ಟೈಮಿಗೆ ಅಂಗಡಿ ತೆಗೆದು ಬಿಲ್ ಹೊಡೆದ್ರು. ಒಂದು ಎಕ್ಸಿ (ಕೌಂಟರಿನ ಪ್ರೋಗ್ರಾಂ ಫೈಲ್) ಬದಲಾಯಿಸಿಲ್ಲ, ಒಂದು ಪ್ರೊಸೀಜರ್ ಆಲ್ಟರ್ ಮಾಡಿಲ್ಲ. ಟೇಬಲ್ಲಿಗೆ ಹತ್ತಿಪ್ಪತ್ತು ಸಾಲು ಇನ್ಸರ್ಟ್ ಮಾಡಿದ್ದಷ್ಟೇ, ಅದನ್ನೂ ಒಂದು ವಾರ ಮುಂಚೆನೇ ಮಾಡಿಟ್ಟಿದ್ದೆ. ಅದಕ್ಕೇ ಬರೀತಾ ಇದೀನಿ.

ನನ್ನ ಗಿರಾಕಿಗಳು ಯಾರು ಅಂದ್ರೆ ಬಳ್ಳಾರಿಲಿ ಜೀನ್ಸ್ ರೆಡಿಮೇಡ್ ಹೋಲ್‌ಸೇಲ್ ಮಾಡೋರು, ದಾವಣಗೆರೆಲಿ ಬಟ್ಟೆ ಅಂಗಡಿಯವರು, ಹುಬ್ಬಳ್ಳಿ ಕಡೆ ಒಂದಿಬ್ಬರು. ಎಲ್ಲರ ಹತ್ರನೂ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, ಮೈಕ್ರೋಸಾಫ್ಟಿನ ಡೇಟಾಬೇಸ್, ಫ್ರೀ ಅಲ್ವಾ. ಅವರ ಹತ್ರ ಇರೋ ವರ್ಷನ್‌ಗಳಲ್ಲಿ ಡೇಟಾಬೇಸಿಗೆ 10 ಜಿಬಿ ಮಿತಿ, ಬಫರ್‌ಗೆ ಹೆಚ್ಚುಕಡಿಮೆ 1.4 ಜಿಬಿ ಮೆಮೊರಿ, ನಾಲ್ಕು ಕೋರ್‌ಗಿಂತ ಜಾಸ್ತಿ ಬಳಸಲ್ಲ. ಒಂದೊಂದು ಅಂಗಡಿಲಿ ನಾಲ್ಕೈದು ಕೌಂಟರ್, ಕೆಲವು ಕಡೆ ಫ್ರಂಟ್ ಎಂಡ್ ಇನ್ನೂ ವಿಬಿ 6 ಕಾಲದ್ದು, ಕೆಲವು ಕಡೆ ಡಾಟ್‌ನೆಟ್, ಒಬ್ಬರ ಹತ್ರ ಎರಡೂ ಇದೆ. ಈ ಪರಿಸ್ಥಿತಿಲಿ ಲಾಜಿಕ್ ಅಪ್ಲಿಕೇಶನ್ನಲ್ಲಿ ಇಡು ಅಂದ್ರೆ ಯಾವ ಅಪ್ಲಿಕೇಶನ್ನಲ್ಲಿ ಇಡ್ಲಿ? ಎಲ್ಲಾ ಕೌಂಟರೂ ಬಂದು ಸೇರೋ ಜಾಗ ಡೇಟಾಬೇಸ್ ಒಂದೇ. ಬುದ್ಧಿ ಅಲ್ಲಿರಬೇಕು ಅನ್ನೋದು ನನ್ನ ವಾದ.

ಆದ್ರೆ ಬೇಡ ಅನ್ನೋರು ಸುಮ್‌ಸುಮ್ನೆ ಏನೂ ಹೇಳ್ತಿರಲಿಲ್ಲ, ಅದನ್ನೂ ಒಪ್ಕೋಬೇಕು. ನಾನು ಕೈಗೆ ತಗೊಂಡಾಗ ಬಳ್ಳಾರಿ ಗಿರಾಕಿಯ ಬಿಲ್ ಸೇವ್ ಪ್ರೊಸೀಜರ್ ಹೆಚ್ಚುಕಡಿಮೆ 1500 ಲೈನ್ ಇತ್ತು, ಮುಂಚೆ ಮಾಡಿಕೊಟ್ಟವರು ಬಿಟ್ಟು ಹೋಗಿದ್ದು. ಇಫ್ ಒಳಗೆ ಇಫ್, ಅದರೊಳಗೆ ಕೇಸ್, ಕೇಸ್ ಒಳಗೆ ಕೇಸ್. ಕೇಸ್ ಅಂದ್ರೆ ವೆನ್ ಅಂತ ಒಂದೊಂದೇ ಕಂಡಿಷನ್ ನೋಡಿ ದೆನ್ ಅಂತ ಉತ್ತರ ಕೊಡೋದು, ಯಾವುದೂ ಹೊಂದದಿದ್ರೆ ಎಲ್ಸ್. ಎಸ್‌ಕ್ಯೂಎಲ್ ಸರ್ವರ್ ಕೇಸನ್ನ 10 ಮಟ್ಟದವರೆಗೆ ಮಾತ್ರ ಒಂದರೊಳಗೊಂದು ಬಿಡತ್ತೆ, ಆ ಪುಣ್ಯಾತ್ಮರು ಏಳೋ ಎಂಟೋ ಮಟ್ಟ ಮುಟ್ಟಿದ್ರು. 2012ರಿಂದ ಐಐಎಫ್ (ಒಂದೇ ಸಾಲಿನ ಇಫ್) ಬಂತಲ್ಲ, ಮಧ್ಯ ಮಧ್ಯ ಅದೂ ಬೇರೆ. ಐಐಎಫ್ ಒಳಗಡೆ ಕೇಸೇ ಆಗಿ ಬಿಚ್ಚಿಕೊಳ್ಳೋದು, ಆದ್ರಿಂದ ಅದೂ ಅದೇ ಲೆಕ್ಕಕ್ಕೆ ಸೇರತ್ತೆ.

ಅದರಲ್ಲಿ ಸಿಕ್ಕ ಬಗ್‌ಗಳಲ್ಲಿ ಒಂದೆರಡು ಹೇಳ್ಲೇಬೇಕು, ಯಾಕಂದ್ರೆ ನನ್ನ ಪದ್ಧತಿ ಹುಟ್ಟಿದ್ದೇ ಇವುಗಳಿಂದ.

ಮೊದಲನೇದು ನಲ್, ಅಂದ್ರೆ ಏನೂ ತುಂಬದ ಖಾಲಿ ಜಾಗ. ಅಂಗಡಿಗೆ ಬಂದ ಗಿರಾಕಿ ಕರ್ನಾಟಕದವರಾದ್ರೆ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ (ಕೇಂದ್ರಕ್ಕೆ ಅರ್ಧ ರಾಜ್ಯಕ್ಕೆ ಅರ್ಧ), ಹೊರ ರಾಜ್ಯ ಆದ್ರೆ ಐಜಿಎಸ್‌ಟಿ, ಎಲ್ಲರಿಗೂ ಗೊತ್ತು. ಆ ಹಳೇ ಪ್ರೊಸೀಜರ್ ಬರೆದವರು ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ, ಅಂದ್ರೆ ರಾಜ್ಯದ ಕೋಡ್, ತಗೊಂಡು ಕರ್ನಾಟಕದ 29 ಇದ್ರೆ ಲೋಕಲ್, ಎಲ್ಸ್ ಐಜಿಎಸ್‌ಟಿ ಅಂತ ಕೇಸ್ ಬರೆದಿದ್ರು. ನೋಡೋಕೆ ಸರಿನೇ ಇದೆ. ಆದ್ರೆ ಕೌಂಟರಿಗೆ ನಡ್ಕೊಂಡು ಬಂದು ಒಂದು ಪ್ಯಾಂಟ್ ತಗೊಂಡು ಹೋಗೋ ಮನುಷ್ಯನಿಗೆ ಜಿಎಸ್‌ಟಿ ನಂಬರ್ ಎಲ್ಲಿಂದ ಬರಬೇಕು? ಅಲ್ಲಿ ನಲ್. ನಲ್‌ನ 29ರ ಜೊತೆ ಹೋಲಿಸಿದ್ರೆ ಸತ್ಯನೂ ಅಲ್ಲ ಸುಳ್ಳೂ ಅಲ್ಲ, ಸೀದಾ ಎಲ್ಸ್‌ಗೆ ಬಿತ್ತು. ಬಳ್ಳಾರಿ ಅಂಗಡಿಲಿ ಬಳ್ಳಾರಿ ಮನುಷ್ಯನಿಗೆ ಐಜಿಎಸ್‌ಟಿ! ಒಟ್ಟು ಮೊತ್ತ ಒಂದೇ ಬರೋದ್ರಿಂದ ಗಿರಾಕಿಗೂ ಗೊತ್ತಾಗಲ್ಲ, ಕ್ಯಾಷಿಯರ್‌ಗೂ ಗೊತ್ತಾಗಲ್ಲ, ರಿಟರ್ನ್ ಹಾಕೋವಾಗ ಆಡಿಟರ್ ಹಿಡಿದ್ರು. ಆಮೇಲೆ ತಪ್ಪು ಖಾತೆಗೆ ಕಟ್ಟಿದ ಟ್ಯಾಕ್ಸ್ ಸರಿ ಮಾಡೋ ತಾಪತ್ರಯ ಏನು ಅಂತ ಅನುಭವಿಸಿದವರಿಗೇ ಗೊತ್ತು.

ಅದೇ ಕೇಸಲ್ಲಿ ಇನ್ನೊಂದು ಬಾಕಿ ಇತ್ತು. ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಪಾರ್ಟಿ ಕರ್ನಾಟಕದ್ದೇ ಆಗಿರಲಿ, ನಂಬರ್ 29ರಿಂದಲೇ ಶುರುವಾಗಲಿ, ಅದಕ್ಕೆ ಸಪ್ಲೈ ಅಂತರ್‌ರಾಜ್ಯವೇ, ಐಜಿಎಸ್‌ಟಿನೇ. ಅಂದ್ರೆ ಎಸ್‌ಇಝಡ್ ವೆನ್ ಮೊದಲು ಬರಬೇಕು, 29ರ ವೆನ್ ಆಮೇಲೆ. ಕೇಸ್ ಮೇಲಿಂದ ಕೆಳಗೆ ನೋಡ್ಕೊಂಡು ಬಂದು ಮೊದಲು ಹೊಂದಿದ್ದಕ್ಕೇ ನಿಲ್ಲೋದು, ವೆನ್‌ಗಳ ಸಾಲು ಹಿಂದೆಮುಂದೆ ಆದ್ರೆ ಅರ್ಥನೇ ಬದಲಾಗತ್ತೆ.

ಎರಡನೇದು ಪೂರ್ಣಾಂಕದ ಭಾಗಾಕಾರ. ರೇಟ್ ಕಾಲಂ ಇಂಟ್ (ಬರೀ ಪೂರ್ಣಾಂಕ) ಇಟ್ಟಿದ್ರು. ಕೇಸ್ ಒಳಗೆ ದೆನ್ ರೇಟ್ ಬೈ 2. ಹಳೇ ಸ್ಲ್ಯಾಬ್ 5, 12, 18, 28. ಹನ್ನೆರಡರ ಅರ್ಧ 6, ಹದಿನೆಂಟರ ಅರ್ಧ 9, ಇಪ್ಪತ್ತೆಂಟರ ಅರ್ಧ 14, ಎಲ್ಲಾ ಸರಿ. ಐದರ ಅರ್ಧ ಮಾತ್ರ 2! ಎರಡೂವರೆ ಬರಲ್ಲ, ಇಂಟ್ ಅಲ್ವಾ. ಬಟ್ಟೆ ವ್ಯಾಪಾರದಲ್ಲಿ ಅತಿ ಜಾಸ್ತಿ ಓಡೋದೇ 5ರ ಸ್ಲ್ಯಾಬು. ಇದನ್ನ ಅಂಗಡಿಯವರು ಹಿಡಿದು ಕೇಳಿದ್ದಕ್ಕೆ ಅವರು 5 ಇದ್ರೆ 2.5 ಅಂತ ಇನ್ನೊಂದು ವೆನ್ ಸೇರಿಸಿ ಕೊಟ್ಟು ಹೋಗಿದ್ರು, ಅದಕ್ಕೆ ದುಡ್ಡೂ ತಗೊಂಡಿದ್ರಂತೆ. ಕಾಲಂನ ಡೆಸಿಮಲ್ ಮಾಡಿದ್ರೆ ಐದು ನಿಮಿಷದ ಕೆಲಸ.

ಕೇಸಿನ ಡೇಟಾಟೈಪ್ ವಿಷಯನೂ ಹಂಗೇ. ಒಂದು ವೆನ್ ಅಂಕಿ ಕೊಟ್ಟು ಇನ್ನೊಂದು 'ನಿಲ್' ಅನ್ನೋ ಅಕ್ಷರ ಕೊಟ್ರೆ ಸರ್ವರ್ ಇಡೀ ಕೇಸನ್ನ ಅಂಕಿ ಅಂತಲೇ ತಿಳ್ಕೊಳತ್ತೆ, ಯಾಕಂದ್ರೆ ಇಂಟ್‌ಗೆ ಅಕ್ಷರದ ಟೈಪ್ ಆದ ವಾರ್‌ಚಾರ್‌ಗಿಂತ ಮೇಲಿನ ಸ್ಥಾನ. ಟ್ಯಾಕ್ಸ್ ಇಲ್ಲದ ಐಟಂ ಒಂದು ಬಿಲ್ಲಲ್ಲಿ ಬರೋವರೆಗೂ ಏನೂ ಆಗಲ್ಲ, ಬಂದ ಕ್ಷಣ ಕನ್ವರ್ಷನ್ ಎರರ್. ವರ್ಷಗಟ್ಟಲೆ ನೆಟ್ಟಗೆ ಓಡಿದ ಪ್ರೊಸೀಜರ್ ಹಬ್ಬದ ರಶ್ಶಲ್ಲಿ ಕೈಕೊಡೋದು ಇಂಥದ್ದಕ್ಕೇ. ನಲ್ ಇದ್ರೆ ಬದಲಿ ಕೊಡೋ ಈಸ್‌ನಲ್ ಕೂಡ ನೋಡ್ಕೊಳ್ಳಿ, ಅದು ಮೊದಲನೇ ಆರ್ಗ್ಯುಮೆಂಟಿನ ಸೈಜಿಗೇ ಕತ್ತರಿಸತ್ತೆ. ಎಚ್‌ಎಸ್‌ಎನ್ (ಸರಕಿನ ಕೋಡ್) ವೇರಿಯಬಲ್ 4 ಅಕ್ಷರ ಇದ್ದು ಡೀಫಾಲ್ಟ್ ಆಗಿ 620342 ಕೊಟ್ರೆ ಸಿಗೋದು 6203. ಐದು ಕೋಟಿ ಮೇಲಿನ ಟರ್ನೋವರ್‌ನವರಿಗೆ 6 ಅಂಕಿ ಬೇಕೇಬೇಕು. ಅದೇ ಕೆಲಸ ಮಾಡೋ ಕೊಯೆಲೆಸ್ ಹಾಕಿದ್ರೆ ಕತ್ತರಿಸಲ್ಲ, ಯಾಕಂದ್ರೆ ಅದು ಕೇಸ್ ಆಗೇ ಬಿಚ್ಚೋದು.

ಇದೆಲ್ಲ ಒಂದೊಂದೇ ತೇಪೆ ಹಚ್ಚೋದಕ್ಕಿಂತ ಹೊಸದಾಗಿ ಬರೀತೀನಿ ಅಂದೆ. ಬಳ್ಳಾರಿ ಅಂಗಡಿ ಸಾಹುಕಾರ್ರು ಕೇಳಿದ್ದು ಒಂದೇ ಮಾತು, ಎಷ್ಟಾಗತ್ತೆ. ನಾನು ಸುಮಾರು ನಲವತ್ತು ಸಾವಿರ ಹೇಳ್ದೆ, ಅವರು ಇಪ್ಪತ್ತೈದಕ್ಕೆ ಇಳಿಸಿದ್ರು, ಬಳ್ಳಾರಿಲಿ ಚೌಕಾಸಿ ಮಾಡದೇ ಯಾರೂ ದುಡ್ಡು ಬಿಚ್ಚಲ್ಲ. ಅದೇ ಟೈಮಲ್ಲಿ ಇನ್ನೊಬ್ಬರು ಬಂದು ಹೊಸ ಸರ್ವರ್ ಮಷೀನು, ಸ್ಟ್ಯಾಂಡರ್ಡ್ ಎಡಿಷನ್ ಲೈಸೆನ್ಸು, ಹೊಸ ಸಾಫ್ಟ್‌ವೇರು ಎಲ್ಲಾ ಸೇರಿ ಲಕ್ಷಗಳಲ್ಲಿ ಕೊಟೇಶನ್ ಕೊಟ್ಟು ಹೋಗಿದ್ರು. ಆ ಕಾಗದ ನನಗೆ ತೋರಿಸಿ "ನೋಡಪ್ಪ, ನೀನು ಸೋತ್ರೆ ನಾನು ಇದಕ್ಕೆ ಹೋಗ್ಬೇಕಾಗತ್ತೆ" ಅಂದ್ರು.

ಮೊದಲು ಮಾಡಿದ ಪ್ರಯತ್ನ ಸ್ಕೇಲಾರ್ ಫಂಕ್ಷನ್, ಕರೆದಾಗ ಒಂದೇ ಉತ್ತರ ಕೊಡೋದು. ರೇಟ್ ಕಂಡುಹಿಡಿಯೋ ಕೇಸನ್ನ ಒಂದು ಫಂಕ್ಷನ್‌ಗೆ ಹಾಕಿ ಎಲ್ಲಾ ಕಡೆ ಅದನ್ನೇ ಕರೆಯೋದು, ನೋಡೋಕೆ ಬಹಳ ಚೆನ್ನಾಗಿತ್ತು. ಬಿಲ್ ಸೇವ್ ಮಾಡೋಕೆ ತೊಂದ್ರೆ ಇಲ್ಲ, ಮೂವತ್ತು ಸಾಲಿಗೆ ಮೂವತ್ತು ಸಲ ಓಡತ್ತೆ ಅಷ್ಟೇ. ತಿಂಗಳ ಸೇಲ್ಸ್ ರಿಜಿಸ್ಟರ್ ತೆಗೆದ್ರೆ ಮಾತ್ರ ಸರ್ವರ್ ಮಲಗ್ತು. ಒಂದೊಂದು ಸಾಲಿಗೂ ಫಂಕ್ಷನ್ ಕರೆ. ಅವಾಗ ಅಲ್ಲಿದ್ದದ್ದು 2014 ವರ್ಷನ್. 2019ರಲ್ಲಿ ಕಂಪ್ಯಾಟಿಬಿಲಿಟಿ 150 ಇಟ್ರೆ ಎಷ್ಟೋ ಸ್ಕೇಲಾರ್ ಫಂಕ್ಷನ್‌ಗಳನ್ನ ತಾನೇ ಇನ್‌ಲೈನ್ ಮಾಡ್ಕೊಳತ್ತೆ (ಕ್ವೆರಿ ಒಳಗೇ ಸೇರಿಸ್ಕೊಳತ್ತೆ), ಆಮೇಲೆ ಅದನ್ನೂ ಹಾಕಿ ನೋಡ್ದೆ, ಪರವಾಗಿಲ್ಲ, ಆದ್ರೆ ನಂಬ್ಕೊಂಡು ಕೂರೋ ಹಂಗಿಲ್ಲ, ಒಂದು ಸಣ್ಣ ಬದಲಾವಣೆ ಮಾಡಿದ್ರೂ ಇನ್‌ಲೈನ್ ಆಗೋದು ನಿಂತುಹೋಗಬಹುದು. ಫಂಕ್ಷನ್ ಬಿಟ್ಟೆ.

ಆಮೇಲೆ ಕೂತು ಯೋಚ್ನೆ ಮಾಡಿದಾಗ ಗೊತ್ತಾಗಿದ್ದು, ಪ್ರೊಸೀಜರಿನಲ್ಲಿ ಇರೋ ಕಂಡಿಷನ್‌ಗಳೆಲ್ಲ ಒಂದೇ ಜಾತಿಯವಲ್ಲ. ಯಾವ ಕೆಲಸ ಮಾಡ್ಬೇಕು ಅನ್ನೋ ಕಂಡಿಷನ್ ಬೇರೆ, ಮಾರಾಟನಾ ವಾಪಸ್ಸಾ ಕ್ಯಾನ್ಸಲ್ಲಾ ಅನ್ನೋದು. ಒಂದು ಸಾಲಿನಲ್ಲಿ ಯಾವ ಕಾಲಂಗೆ ಏನು ಹೋಗ್ಬೇಕು ಅನ್ನೋದು ಬೇರೆ. ಸರಕಾರ ಬದಲಾಯಿಸೋ ದರ, ದಿನಾಂಕ, ಬೆಲೆ ಮಿತಿ ಇವೆಲ್ಲ ಕಂಡಿಷನ್ನೇ ಅಲ್ಲ, ಡೇಟಾ. ಮೊದಲನೇದಕ್ಕೆ ಇಫ್, ಎರಡನೇದಕ್ಕೆ ಕೇಸ್, ಮೂರನೇದಕ್ಕೆ ಟೇಬಲ್. ಇದಿಷ್ಟೇ ನನ್ನ ಪದ್ಧತಿ. ಮೂರನ್ನೂ ಒಂದೇ ಕಡೆ ಕಲಸಿಟ್ಟು ಆಮೇಲೆ ಪ್ರೊಸೀಜರೇ ಸರಿಯಿಲ್ಲ ಅಂತ ಬೈಯೋದು ನ್ಯಾಯ ಅಲ್ಲ.

ರೇಟ್ ಟೇಬಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಎಚ್‌ಎಸ್‌ಎನ್ ಗುಂಪು, ಯಾವತ್ತಿಂದ, ಯಾವತ್ತಿನವರೆಗೆ, ಎಷ್ಟು ಬೆಲೆ ಮೀರಿದ್ರೆ, ಎಷ್ಟು ಬೆಲೆವರೆಗೆ, ದರ. ರೆಡಿಮೇಡ್‌ಗೆ ಮುಂಚೆ ಪೀಸಿಗೆ 1000 ರೂಪಾಯಿವರೆಗೆ 5, ಅದಕ್ಕಿಂತ ಮೇಲೆ 12 ಇತ್ತು. ಬೆಲೆ ಮಿತಿನ ಬಿಟ್ವೀನ್ ಹಾಕಿ 0ಯಿಂದ 1000, 1000.01ರಿಂದ ಮುಂದಕ್ಕೆ ಅಂತ ಎಷ್ಟೋ ಜನ ಇಡ್ತಾರೆ. ಡಿಸ್ಕೌಂಟ್ ಹಂಚಿದ ಮೇಲೆ ಪೀಸಿನ ಬೆಲೆ 1000.004 ಬಂದ್ರೆ ಅದು ಎರಡರ ಮಧ್ಯದ ಬಿರುಕಲ್ಲಿ ಬೀಳತ್ತೆ, ರೇಟೇ ಸಿಗಲ್ಲ. ಕೆಳಗಿನ ಮಿತಿಗೆ ಬರೀ ಗ್ರೇಟರ್ ದ್ಯಾನ್, ಮೇಲಿನ ಮಿತಿಗೆ ಲೆಸ್ ದ್ಯಾನ್ ಆರ್ ಈಕ್ವಲ್, ಕಾನೂನಿನ ಭಾಷೆನೂ ಅದೇ, 1000 ಮೀರದ್ದು ಅಂತ. ಮುಗಿಯೋ ದಿನಾಂಕಕ್ಕೆ ನಲ್ ಬಿಡಬೇಡಿ, 9999 ಡಿಸೆಂಬರ್ 31 ಹಾಕಿ, ನಲ್ ಇದ್ಯಾ ಅಂತ ನೋಡೋ ಒಂದು ಕಂಡಿಷನ್ ಕಮ್ಮಿ ಆಗತ್ತೆ.

ಇನ್ನೊಂದು, ದರ ಹುಡುಕೋ ಕ್ವೆರಿಲಿ ಟಾಪ್ 1 ಹಾಕಬೇಡಿ. ಹಾಕಿದ್ರೆ ಎರಡು ಸಾಲು ಒಂದರ ಮೇಲೊಂದು ಬಿದ್ದಿದ್ರೂ ಗೊತ್ತಾಗದೇ ಮುಚ್ಚಿಹೋಗತ್ತೆ. ಎರಡು ಸಾಲು ಬಂದ್ರೆ ಬಿಲ್ ಸೇವ್ ಆಗದೇ ನಿಲ್ಲಲಿ, ಅದು ಒಳ್ಳೇದು. ಓವರ್‌ಲ್ಯಾಪ್ ಟೇಬಲ್ಲಿಗೇ ಬರದ ಹಾಗೆ ತಡೆಯೋಕೆ ನಾನು ಒಂದು ಉಪಾಯ ಮಾಡಿದೀನಿ, ಟ್ರಿಗರ್ ಅಲ್ಲ, ಅದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

2021ರ ಕೊನೆಯಲ್ಲಿ ಇದರ ಬೆಲೆ ಮೊದಲ ಸಲ ಗೊತ್ತಾಯ್ತು. ಬಟ್ಟೆಗೆಲ್ಲ 5ರಿಂದ 12ಕ್ಕೆ ಏರತ್ತೆ, 2022ರ ಜನವರಿ 1ರಿಂದ ಅಂತ ನೋಟಿಫಿಕೇಶನ್ ಆಗಿತ್ತಲ್ಲ, ಎಲ್ಲರೂ ಕೋಡ್ ಬದಲಾಯಿಸಿ ಕೂತಿದ್ರು. ಡಿಸೆಂಬರ್ 31ಕ್ಕೆ ಜಿಎಸ್‌ಟಿ ಕೌನ್ಸಿಲ್ ಸಭೆ ಸೇರಿ ಬಟ್ಟೆದು ಮುಂದಕ್ಕೆ ಹಾಕಿದ್ರು, ಚಪ್ಪಲಿ ಶೂದು ಮಾತ್ರ ಹಂಗೇ ಜಾರಿ. ಹೊಸ ಎಕ್ಸಿ ಹಾಕಿಸ್ಕೊಂಡ ಅಂಗಡಿಯವರು ಹೊಸ ವರ್ಷದ ದಿನ ಹಳೇ ಎಕ್ಸಿ ವಾಪಸ್ ಹಾಕಿಸೋಕೆ ಫೋನ್ ಮೇಲೆ ಫೋನ್. ನಾನು ಬಟ್ಟೆ ಸಾಲು ಡಿಲೀಟ್ ಮಾಡಿ ಹಳೇ ಸಾಲಿನ ಕೊನೆ ದಿನಾಂಕ ಮತ್ತೆ 9999 ಮಾಡ್ದೆ, ಒಂದು ಅಂಗಡಿಗೆ ಹತ್ತು ನಿಮಿಷನೂ ಹಿಡಿಲಿಲ್ಲ, ಎನಿಡೆಸ್ಕಲ್ಲೇ ದೂರದಿಂದ ಮುಗೀತು.

ಈಗ ಕೇಸ್ ಭಾಗ. ನಾನು ಕೇಸ್ ಒಳಗೆ ಕೇಸ್ ಬರೆಯೋದನ್ನ ಪೂರ್ತಿ ಬಿಟ್ಟುಬಿಟ್ಟೆ. ಬದಲಿಗೆ ಕ್ರಾಸ್ ಅಪ್ಲೈ, ಒಂದೊಂದು ಸಾಲಿಗೂ ಒಂದು ಸಣ್ಣ ಕ್ವೆರಿ ಜೋಡಿಸೋದು. ಮೊದಲ ಅಪ್ಲೈಲಿ ಡಿಸ್ಕೌಂಟ್ ಕಳೆದು ಪೀಸಿನ ನಿವ್ವಳ ಬೆಲೆ, ಎರಡನೇದರಲ್ಲಿ ಆ ಬೆಲೆ ಮೇಲೆ ರೇಟ್ ಟೇಬಲ್ಲಿಂದ ದರ, ಮೂರನೇದರಲ್ಲಿ ಲೋಕಲ್ಲಾ ಅಂತರ್‌ರಾಜ್ಯನಾ, ನಾಲ್ಕನೇದರಲ್ಲಿ ಟ್ಯಾಕ್ಸ್ ಮೊತ್ತ. ಒಂದರ ಉತ್ತರಕ್ಕೆ ಹೆಸರು ಕೊಟ್ಟು ಮುಂದಿನದರಲ್ಲಿ ಬಳಸೋದು. ಒಂದೊಂದರಲ್ಲೂ ಜಾಸ್ತಿ ಅಂದ್ರೆ ಒಂದು ಸಣ್ಣ ಕೇಸ್. ಓದೋನಿಗೆ ಮೆಟ್ಟಿಲು ಇಳಿದ ಹಾಗೆ ಇರತ್ತೆ, ಮತ್ತೆ ಸರ್ವರ್ ಇದನ್ನೆಲ್ಲ ಒಂದೇ ಪ್ಲಾನಲ್ಲಿ (ಕ್ವೆರಿ ಹೆಂಗೆ ಓಡಿಸ್ಬೇಕು ಅನ್ನೋ ಯೋಜನೆಲಿ) ಕರಗಿಸಿಕೊಳ್ಳೋದ್ರಿಂದ ಫಂಕ್ಷನ್ ತರ ನಿಧಾನ ಆಗಲ್ಲ. ದರ ಹುಡುಕೋ ಜಾಗದಲ್ಲಿ ಮಾತ್ರ ಔಟರ್ ಅಪ್ಲೈ ಹಾಕಿ, ಕ್ರಾಸ್ ಹಾಕಿದ್ರೆ ದರ ಸಿಗದ ಸಾಲು ಬಿಲ್ಲಿಂದಲೇ ಮಾಯ ಆಗತ್ತೆ, ದುಡ್ಡು ಹೋಗತ್ತೆ.

ಇಲ್ಲಿ ಕ್ರಮ ಯಾಕೆ ಮುಖ್ಯ ಅಂದ್ರೆ 1100 ರೂಪಾಯಿ ಶರ್ಟಿಗೆ ಬಿಲ್ಲಲ್ಲೇ 10 ಪರ್ಸೆಂಟ್ ಕಳೆದ್ರೆ 990. ಹಳೇ ದರದಲ್ಲಿ ಅದು 12ರಿಂದ 5ಕ್ಕೆ ಇಳೀತಿತ್ತು. ಬಿಲ್ಲಿನ ಕೊನೇಲಿ ಒಟ್ಟಾಗಿ ಕೊಡೋ ಡಿಸ್ಕೌಂಟನ್ನ ಮೊದಲು ಸಾಲು ಸಾಲಿಗೆ ಹಂಚಿ, ಆಮೇಲೆ ದರ ನೋಡ್ಬೇಕು. ಹಳೇ ಪ್ರೊಸೀಜರ್ ಮೊದಲು ದರ ನೋಡಿ ಆಮೇಲೆ ಹಂಚ್ತಿತ್ತು. ಹೋಲ್‌ಸೇಲಲ್ಲಿ ದಿನಕ್ಕೆ ನೂರಾರು ಪೀಸ್ ಇದೇ ಗಡಿಲಿ ಓಡಾಡ್ತಿದ್ವು, ಪೀಸಿಗೆ ಏಳು ಪರ್ಸೆಂಟ್ ವ್ಯತ್ಯಾಸ ಅಂದ್ರೆ ಆಟ ಅಲ್ಲ. ಹಂಚುವಾಗ ಉಳಿಯೋ ಪೈಸೆ ಯಾವ ಸಾಲಿಗೆ ಹೋಗ್ಬೇಕು ಅನ್ನೋದಕ್ಕೆ ನನ್ನದೇ ಒಂದು ರೀತಿ ಇದೆ, ಅದನ್ನೂ ಇಲ್ಲಿ ಬಿಟ್ಟುಕೊಡಲ್ಲ, ವಿಂಡೋ ಫಂಕ್ಷನ್ ಗೊತ್ತಿದ್ದೋರು ಒಂದು ಸಂಜೆ ಕೂತ್ರೆ ಕಂಡ್ಕೋತಾರೆ.

ಪೈಸೆ ಅಂದ ಮೇಲೆ ಇದನ್ನೂ ಹೇಳ್ತೀನಿ. 999 ರೂಪಾಯಿಗೆ 5 ಪರ್ಸೆಂಟ್ 49.95. ಆದ್ರೆ ಎರಡೂವರೆ ಪರ್ಸೆಂಟ್ 24.975, ರೌಂಡ್ ಮಾಡಿದ್ರೆ 24.98, ಎರಡು ಸೇರಿ 49.96. ಒಂದು ಪೈಸೆ ಜಾಸ್ತಿ. ಕೆಲವರು ಒಂದನ್ನ 24.98, ಇನ್ನೊಂದನ್ನ 24.97 ಮಾಡಿ ಹೊಂದಿಸ್ತಾರೆ, ಹಂಗೆ ಮಾಡ್ಲೇಬೇಡಿ, ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಎರಡೂ ಸಮ ಇರ್ಬೇಕು. ನಾನು ಅರ್ಧ ದರದಲ್ಲಿ ಒಂದು ಸಲ ಲೆಕ್ಕ ಹಾಕಿ ರೌಂಡ್ ಮಾಡಿ ಎರಡೂ ಕಾಲಂಗೆ ಅದೇ ಬೆಲೆ ಹಾಕ್ತೀನಿ, ಲೋಕಲ್ ಆದ್ರೆ. ಕೇಸ್ ಇಲ್ಲಿ ಬರೀ ಎಲ್ಲಿಗೆ ಹಾಕ್ಬೇಕು ಅಂತ ಹೇಳೋದು, ಎಷ್ಟು ಅಂತ ಹೇಳಲ್ಲ.

ಮತ್ತೆ ಎಲ್ಸ್. ನನ್ನ ನಿಯಮ ಏನಂದ್ರೆ ತೆರಿಗೆ ವಿಷಯದಲ್ಲಿ ಎಲ್ಸ್‌ಗೆ ಯಾವ ಬೆಲೆನೂ ಕೊಡಲ್ಲ. ಲೋಕಲ್ ಒಂದು ವೆನ್, ಅಂತರ್‌ರಾಜ್ಯ ಒಂದು ವೆನ್, ಎರಡೂ ಅಲ್ಲದಿದ್ರೆ ನಲ್ ಬರಲಿ. ಎಲ್ಸ್ ಬರೆಯದಿದ್ರೆ ಹೆಂಗೂ ನಲ್ಲೇ ಬರೋದು. ಆಮೇಲೆ ಇಫ್ ಎಕ್ಸಿಸ್ಟ್ಸ್ ಹಾಕಿ ನಲ್ ಇರೋ ಸಾಲು ಒಂದಾದ್ರೂ ಇದ್ರೆ ಥ್ರೋ (ಎರರ್ ಎಸೆಯೋದು), ಬಿಲ್ ನಿಲ್ಲತ್ತೆ, ಯಾವ ಐಟಂ ಅಂತ ಮೆಸೇಜ್ ಬರತ್ತೆ. ಗಿರಾಕಿ ಟೇಬಲ್ಲಲ್ಲಿ ಸಪ್ಲೈ ರಾಜ್ಯದ ಕೋಡ್ ನಾಟ್ ನಲ್ ಮಾಡ್ದೆ, ಕೌಂಟರ್ ಸೇಲಿಗೆ ತಾನಾಗೇ 29. ಥ್ರೋ ಹಾಕೋರು ಅದರ ಹಿಂದಿನ ಸ್ಟೇಟ್‌ಮೆಂಟಿಗೆ ಸೆಮಿಕೋಲನ್ ಮರೀಬೇಡಿ. ರೋಲ್‌ಬ್ಯಾಕ್ ಟ್ರಾನ್ಸಾಕ್ಷನ್ ಅಂತ ಬರೆದು ಸೆಮಿಕೋಲನ್ ಇಲ್ಲದೇ ಕೆಳಗೆ ಥ್ರೋ ಹಾಕಿದ್ರೆ ಸರ್ವರ್ ಥ್ರೋ ಅನ್ನೋದನ್ನ ಟ್ರಾನ್ಸಾಕ್ಷನ್ನಿನ ಹೆಸರು ಅಂತ ತಿಳ್ಕೊಂಡು ಅಂಥ ಹೆಸರಿನದ್ದು ಇಲ್ಲ ಅನ್ನತ್ತೆ, ನಿಜವಾದ ಎರರ್ ಎಲ್ಲೋ ಹೋಗತ್ತೆ.

ಇಫ್ ವಿಷಯದಲ್ಲೇ ನನಗೆ ಜಾಸ್ತಿ ಟೈಮ್ ಹೋಗಿದ್ದು. ಬಿಲ್ ಪ್ರೊಸೀಜರಿನ ಮಾರಾಟ, ವಾಪಸ್, ಕ್ಯಾನ್ಸಲ್ ಮೂರೂ ಬ್ರ್ಯಾಂಚು ಒಂದೇ ಪ್ರೊಸೀಜರಲ್ಲಿದ್ರೆ, ಮೊದಲ ಸಲ ಓಡುವಾಗ ಸರ್ವರ್ ಮೂರಕ್ಕೂ ಪ್ಲಾನ್ ಮಾಡಿಬಿಡತ್ತೆ, ಅವತ್ತು ಬಂದ ಪ್ಯಾರಾಮೀಟರ್ (ಪ್ರೊಸೀಜರಿಗೆ ಕಳಿಸೋ ಮಾಹಿತಿ) ನೋಡ್ಕೊಂಡು. ಹೋಗದೇ ಇರೋ ಬ್ರ್ಯಾಂಚಿಗೂ ಸೇರಿ. ಬೆಳಿಗ್ಗೆ ಮೊದಲು ಮಾರಾಟ ಬಿಲ್ ಬಂತು, ಮೂಲ ಬಿಲ್ ನಂಬರ್ ನಲ್, ವಾಪಸ್ ಬ್ರ್ಯಾಂಚಿನ ಪ್ಲಾನ್ ಆ ನಲ್ ಇಟ್ಕೊಂಡು ತಯಾರಾಯ್ತು. ಮಧ್ಯಾಹ್ನ ನಿಜವಾಗಿ ವಾಪಸ್ ಬಂದಾಗ ಅದೇ ಕೆಟ್ಟ ಪ್ಲಾನ್, ಕೌಂಟರಲ್ಲಿ ಮರಳು ಗಡಿಯಾರ. ಸರ್ವರ್ ರೀಸ್ಟಾರ್ಟ್ ಮಾಡಿದ್ರೆ ಒಂದಿನ ಸರಿ ಹೋಗೋದು, ಮತ್ತೆ ಅದೇ. ಎಷ್ಟೋ ಕಡೆ ಇದಕ್ಕೆ ಹಾರ್ಡ್‌ವೇರ್ ಸಾಲ್ತಿಲ್ಲ ಅಂತ ದುಡ್ಡು ಸುರೀತಾರೆ.

ಬ್ರ್ಯಾಂಚಿಗೊಂದು ಮರಿ ಪ್ರೊಸೀಜರ್ ಮಾಡ್ದೆ. ಮೇಲಿನದು ಬರೀ ಇಫ್ ನೋಡಿ ಸರಿಯಾದ್ದನ್ನ ಕರೆಯೋದು, ಇಪ್ಪತ್ತು ಲೈನ್ ಇರಬಹುದು. ಮರಿ ಪ್ರೊಸೀಜರ್ ತನ್ನನ್ನ ಕರೆದಾಗಲೇ ಕಂಪೈಲ್ ಆಗೋದು, ತನ್ನ ನಿಜವಾದ ಪ್ಯಾರಾಮೀಟರ್ ನೋಡ್ಕೊಂಡು. ಮರಳು ಗಡಿಯಾರ ಹೋಯ್ತು. ಇದರ ಜೊತೆಗೆ ಟೆಂಪ್ ಟೇಬಲ್ ರಗಳೆನೂ ಹೋಯ್ತು, ಇಫ್ ಮತ್ತು ಎಲ್ಸ್ ಎರಡರಲ್ಲೂ ಒಂದೇ ಹೆಸರಿಗೆ ಸೆಲೆಕ್ಟ್ ಇನ್‌ಟು ಬರೆದ್ರೆ ಈಗಾಗಲೇ ಇದೆ ಅಂತ 2714 ಎರರ್ ಬರತ್ತಲ್ಲ, ಓಡೋದು ಒಂದೇ ಬ್ರ್ಯಾಂಚ್ ಆದ್ರೂ. ಒಂದೇ ಕಡೆ ಬೇಕಾದ್ರೆ ಮೊದಲು ಕ್ರಿಯೇಟ್ ಟೇಬಲ್ ಮಾಡಿ ಆಮೇಲೆ ಇನ್ಸರ್ಟ್ ಮಾಡಿ. ಬಿಗಿನ್ ಎಂಡ್ ಬಗ್ಗೆ ನಾನು ಹೇಳ್ಬೇಕಾಗಿಲ್ಲ, ಇಫ್ ಕೆಳಗೆ ಒಂದೇ ಲೈನ್ ಇದ್ರೂ ಹಾಕಿ.

ಎರಡು ಕೌಂಟರ್ ಒಂದೇ ಸಲ ಸೇವ್ ಒತ್ತಿದಾಗ ಇಫ್ ಎಕ್ಸಿಸ್ಟ್ಸ್ ಆದ್ರೆ ಅಪ್‌ಡೇಟ್, ಎಲ್ಸ್ ಇನ್ಸರ್ಟ್ ಅನ್ನೋದು ಕೈಕೊಡತ್ತೆ, ಇಬ್ಬರಿಗೂ ಇಲ್ಲ ಅಂತ ಉತ್ತರ ಬಂದು ಇಬ್ಬರೂ ಇನ್ಸರ್ಟಿಗೆ ಹೋಗ್ತಾರೆ. ಅಪ್‌ಡ್‌ಲಾಕ್ (UPDLOCK), ಹೋಲ್ಡ್‌ಲಾಕ್ ಅನ್ನೋ ಬೀಗ ಹಾಕೋ ಹಿಂಟ್ ಎರಡೂ ಹಾಕಿ ಒಂದೇ ಟ್ರಾನ್ಸಾಕ್ಷನ್ನಲ್ಲಿ ಇಡಿ. ಎರಡನ್ನೂ ಒಂದೇ ಸ್ಟೇಟ್‌ಮೆಂಟಲ್ಲಿ ಮಾಡೋ ಮರ್ಜ್ ಹಾಕಿದ್ರೆ ಇದರಿಂದ ಪಾರಾಗ್ತೀವಿ ಅನ್ಕೊಂಡೋರಿಗೆ ಹೇಳ್ತೀನಿ, ಅದಕ್ಕೂ ಹೋಲ್ಡ್‌ಲಾಕ್ ಬೇಕು.

ರಿಪೋರ್ಟ್ ಪ್ರೊಸೀಜರ್ ಕಥೆ ಬೇರೆ. ಪಾರ್ಟಿ ಬೇಕಾದ್ರೆ ಕೊಡಿ, ಐಟಂ ಬೇಕಾದ್ರೆ ಕೊಡಿ, ಏಜೆಂಟ್ ಬೇಕಾದ್ರೆ ಕೊಡಿ, ಕೊಡದಿದ್ರೆ ಎಲ್ಲಾ ಬರಲಿ. ಎಲ್ಲರೂ ಬರೆಯೋದು ಪ್ಯಾರಾಮೀಟರ್ ನಲ್ ಇರಬೇಕು ಅಥವಾ ಕಾಲಂಗೆ ಸಮ ಇರಬೇಕು ಅಂತ. ಸಾಲುಗಳು ಮೂವತ್ತು ಲಕ್ಷದ ಹತ್ತಿರ ಹೋದಾಗ ಒಬ್ಬ ಪಾರ್ಟಿಯ ಲೆಡ್ಜರಿಗೂ ಇಡೀ ಟೇಬಲ್ ಸ್ಕ್ಯಾನ್, ನಲವತ್ತು ಸೆಕೆಂಡಿನ ಮೇಲೆ ಹೋಗ್ತಿತ್ತು. ಕೆಲವರು ವೇರ್‌ನಲ್ಲೇ ಕೇಸ್ ತುರುಕಿ ಜಾಣತನ ತೋರಿಸ್ತಾರೆ, ಅದರಿಂದ ಇಂಡೆಕ್ಸ್ ಸೀಕ್ (ಬೇಕಾದ ಸಾಲಿಗೆ ಸೀದಾ ಹೋಗೋದು) ಪೂರ್ತಿ ಹೋಗತ್ತೆ. ನಾನು ಮಾಡಿದ್ದು ಆ ಕ್ವೆರಿ ಕೊನೇಲಿ ಆಪ್ಷನ್ ರೀಕಂಪೈಲ್, ಅಷ್ಟೇ. ಆಗ ಸರ್ವರ್ ಆ ಸಲದ ಬೆಲೆಗಳನ್ನೇ ಹಾಕಿ ನೋಡಿ, ನಲ್ ಇರೋ ಕಂಡಿಷನ್ನೆಲ್ಲ ಕಿತ್ತು ಬಿಸಾಕಿ ಪ್ಲಾನ್ ಮಾಡತ್ತೆ. ಎರಡು ಮೂರು ಸೆಕೆಂಡಿಗೆ ಬಂತು. ಪ್ರತಿ ಸಲ ಕಂಪೈಲ್ ಆಗತ್ತೆ ಅಂತ ಹೆದರಿಸ್ತಾರೆ, ದಿನಕ್ಕೆ ನೂರಿನ್ನೂರು ಸಲ ತೆಗೆಯೋ ರಿಪೋರ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಬಿಲ್ ಸೇವ್‌ಗೆ ಮಾತ್ರ ಹಾಕಬೇಡಿ. ಇನ್ನೂ ಜಾಸ್ತಿ ಫಿಲ್ಟರ್ ಇರೋ ಒಂದು ಹುಡುಕಾಟದ ಸ್ಕ್ರೀನಿಗೆ ಡೈನಮಿಕ್ ಎಸ್‌ಕ್ಯೂಎಲ್ (ಓಡೋವಾಗಲೇ ಕ್ವೆರಿ ಕಟ್ಟೋದು) ಮಾಡ್ದೆ, ಎಸ್‌ಪಿ ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್‌ಗೆ ಪ್ಯಾರಾಮೀಟರ್ ಆಗೇ ಕಳಿಸಿ, ಬಳಕೆದಾರ ಟೈಪ್ ಮಾಡಿದ್ದನ್ನ ಸ್ಟ್ರಿಂಗಿಗೆ ಅಂಟಿಸೋ ಕೆಲಸ ಯಾವತ್ತೂ ಬೇಡ.

ಹೊಸ ಸರ್ವರ್ ಬೇಡ ಅಂತ ಬರೆದುಕೊಟ್ಟೆ. ಸಾಹುಕಾರ್ರು ಐದಾರು ಸಾವಿರಕ್ಕೆ ಒಂದು ಎಸ್‌ಎಸ್‌ಡಿ ತಂದ್ರು, ಎಕ್ಸ್‌ಪ್ರೆಸ್ 2019 ಹಾಕ್ದೆ, ಇವತ್ತಿಗೂ ಅದೇ ಓಡ್ತಿದೆ. ಆ ಲಕ್ಷದ ಕೊಟೇಶನ್ ಏನಾಯ್ತೋ ನಾನು ಕೇಳಲಿಲ್ಲ, ಆದ್ರೆ ಅವರ ಪಕ್ಕದ ಗಲ್ಲಿಯ ಇಬ್ಬರು ನನ್ನ ಗಿರಾಕಿ ಆದ್ರು, ಎಎಂಸಿ (ನಿರ್ವಹಣೆ ಒಪ್ಪಂದ) ವರ್ಷಕ್ಕೆ ಹನ್ನೆರಡು ಹದಿನೈದು ಸಾವಿರ ಒಬ್ಬೊಬ್ಬರದ್ದು.

ಮಧ್ಯೆ ಕುತೂಹಲಕ್ಕೆ ಇದನ್ನೇ ಇನ್ನೊಂದು ಫ್ರೀ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಬರೆದು ನೋಡ್ದೆ, 10 ಜಿಬಿ ಮಿತಿ ಇಲ್ಲವಲ್ಲ ಅಂತ. ಅಲ್ಲಿ ಒಂದು ವಿಷಯ ಬಹಳ ಇಷ್ಟ ಆಯ್ತು. ಪ್ರೊಸೀಜರ್ ಭಾಷೆಲಿ ಕೇಸನ್ನ ಸ್ಟೇಟ್‌ಮೆಂಟ್ ಆಗಿ ಬರೆದು ಎಲ್ಸ್ ಬಿಟ್ರೆ, ಯಾವುದೂ ಹೊಂದದಿದ್ದಾಗ ಅದು ತಾನೇ ಎರರ್ ಎಸೆಯತ್ತೆ. ಕ್ವೆರಿ ಒಳಗಿನ ಕೇಸ್ ಮಾತ್ರ ಎಲ್ಲಾ ಕಡೆ ತರ ನಲ್. ಒರಾಕಲ್ ಪಿಎಲ್ ಎಸ್‌ಕ್ಯೂಎಲ್‌ನಲ್ಲೂ ಮೈಎಸ್‌ಕ್ಯೂಎಲ್ ಪ್ರೊಸೀಜರಲ್ಲೂ ಹಿಂಗೇ. ನಾನು ಇಲ್ಲಿ ಥ್ರೋ ಹಾಕಿ ಕೈಯಾರೆ ಮಾಡಿದ್ದು ಅಲ್ಲಿ ಹುಟ್ಟಿಂದಲೇ ಇದೆ. ಸಮ್ ಜೊತೆ ಫಿಲ್ಟರ್ ಅನ್ನೋದೂ ಇದೆ, ತಿಂಗಳವಾರು ದರವಾರು ಪಟ್ಟಿಗೆ ಸಮ್ ಒಳಗೆ ಕೇಸ್ ಬರೆಯೋ ಕಷ್ಟ ಇಲ್ಲ. ಆದ್ರೆ ವಿಬಿ 6 ಕೌಂಟರ್‌ಗಳನ್ನೆಲ್ಲ ಅದಕ್ಕೆ ತಿರುಗಿಸೋಕೆ ಯಾರು ದುಡ್ಡು ಕೊಡ್ತಾರೆ, ಅಲ್ಲಿಗೇ ಬಿಟ್ಟೆ. ಎಸ್‌ಕ್ಯೂಎಲ್ ಸರ್ವರ್ 2022 ವರ್ಷನ್ನಿನ ಪ್ಯಾರಾಮೀಟರ್ ಸೆನ್ಸಿಟಿವ್ ಪ್ಲಾನೂ (ಬಂದ ಪ್ಯಾರಾಮೀಟರಿಗೆ ತಕ್ಕ ಹಾಗೆ ಬೇರೆ ಬೇರೆ ಪ್ಲಾನ್ ಇಡೋದು) ಹಾಕಿ ನೋಡ್ದೆ, ಅದು ಸೀದಾ ಸಮ ಅನ್ನೋ ಕಂಡಿಷನ್ನಿಗೆ ಮಾತ್ರ ಕೆಲಸ ಮಾಡೋದು, ನನ್ನ ನಲ್ ಅಥವಾ ಸಮ ಅನ್ನೋ ರಿಪೋರ್ಟಿಗೆ ಪ್ರಯೋಜನಕ್ಕೆ ಬರಲಿಲ್ಲ.

ಆಮೇಲೆ 2025. ಸೆಪ್ಟೆಂಬರ್ 3ಕ್ಕೆ ಕೌನ್ಸಿಲ್ 56ನೇ ಸಭೆಲಿ ತೀರ್ಮಾನ ಆಯ್ತು, 22ರಿಂದ ಜಾರಿ. ರೆಡಿಮೇಡ್‌ಗೆ ಪೀಸಿಗೆ 2500ವರೆಗೆ 5, ಮೇಲೆ 18. ಅಂದ್ರೆ 1400ರ ಜೀನ್ಸ್ 12ರಿಂದ 5ಕ್ಕೆ ಇಳೀತು, 2800ರ ಜಾಕೆಟ್ 12ರಿಂದ 18ಕ್ಕೆ ಏರ್ತು. ದರ ಮಾತ್ರ ಅಲ್ಲ, ಗಡಿನೂ ಬದಲು. ಕೋಡಲ್ಲಿ 1000 ಅಂತ ಬರೆದಿಟ್ಟವರು ಎಲ್ಲೆಲ್ಲಿ ಬರೆದಿದೀವಿ ಅಂತ ಹುಡುಕೋದ್ರಲ್ಲೇ ಸುಸ್ತಾದ್ರು. ನಾನು ಹಳೇ ಸಾಲುಗಳ ಕೊನೆ ದಿನಾಂಕ 21 ಮಾಡಿ, ಹೊಸ ಸಾಲು 22ರಿಂದ ಸೇರಿಸಿ, ನನ್ನ ಟೆಸ್ಟ್ ಟೇಬಲ್ ಓಡಿಸ್ದೆ. ಅದರಲ್ಲಿ 999.99, 1000, 1000.01, 2500, 2500.01 ಬೆಲೆಗಳು, 21ನೇ ತಾರೀಕು ಮತ್ತು 22ನೇ ತಾರೀಕು, ಲೋಕಲ್, ಹೊರ ರಾಜ್ಯ, ಎಸ್‌ಇಝಡ್, ನಂಬರ್ ಇಲ್ಲದೋನು, ಎಲ್ಲಾ ಜೋಡಿಗೂ ಬರಬೇಕಾದ ಉತ್ತರ ಮೊದಲೇ ಬರೆದಿಟ್ಟಿದೆ. ಒಂದೂ ತಪ್ಪಲಿಲ್ಲ. ಇಂಜಿನಿಯರಿಂಗ್ ಮುಗಿಸಿದ ಆ ಹುಡುಗ ಪಕ್ಕದಲ್ಲೇ ಕೂತು ನೋಡಿ ರೇಟ್ ಟೇಬಲ್ಲಿನ ಸ್ಟ್ರಕ್ಚರ್ ಬರ್ಕೊಂಡ.

ಒಂದು ಜಾಗ ಮಾತ್ರ ಎಲ್ಲರೂ ನೋಡ್ಕೊಳ್ಳಿ, ವಾಪಸ್ ಬಿಲ್. ಆಗಸ್ಟಲ್ಲಿ 12 ಪರ್ಸೆಂಟಲ್ಲಿ ಹೋದ ಮಾಲು ಅಕ್ಟೋಬರಲ್ಲಿ ವಾಪಸ್ ಬಂದ್ರೆ ಕ್ರೆಡಿಟ್ ನೋಟ್ 12ರಲ್ಲೇ ಆಗ್ಬೇಕು, 5ರಲ್ಲಿ ಅಲ್ಲ. ದರ ಹುಡುಕೋ ದಿನಾಂಕ ಇವತ್ತಿಂದಾ, ಮೂಲ ಬಿಲ್ಲಿಂದಾ ಅನ್ನೋ ಆ ಒಂದು ಕಂಡಿಷನ್ ವಾಪಸ್ಸಿನ ಮರಿ ಪ್ರೊಸೀಜರಲ್ಲಿ ಇರಲೇಬೇಕು, ಅದಕ್ಕೆ ಮೂಲ ಬಿಲ್ ನಂಬರ್ ಕಡ್ಡಾಯ ಮಾಡಿ. ಕೌಂಟರಲ್ಲಿ ಹುಡುಗರು ಬಿಲ್ ಇಲ್ದೇ ವಾಪಸ್ ತಗೋತೀವಿ ಅಂತ ಗಲಾಟೆ ಮಾಡ್ತಾರೆ, ನನ್ನ ಹತ್ರನೂ ಮಾಡಿದ್ರು, ನಾನು ಸಾಹುಕಾರ್ರಿಗೆ ಹೇಳಿ ಆಡಿಟರ್ ಕೈಲೇ ಅವರಿಗೆ ಫೋನ್ ಮಾಡಿಸ್ದೆ. ಮಾರನೇ ದಿನದಿಂದ ಹಳೇ ಬಿಲ್ ನಂಬರ್ ಕೇಳಿ ಹಾಕ್ತಿದಾರೆ.